ರೈಟ್ ಅತ್ತೆಯ ಮನೆಗೆ ಪರವಾನಗಿ

ನಮ್ಮ ಸೋದರತ್ತೆ ಬಸ್ ಕಂಡಕ್ಟರ್ ಆಗಿದ್ದವಳು. ನಿವೃತ್ತಳಾಗಿ ಮನೆ ಸೇರಿದ ಮೇಲೂ ಅವಳ ಬಾಯಿಂದ "ರೈಟ್, ರೈಟ್" ಮಾತ್ರ ಇಳಿಯಲಿಲ್ಲ. ತರಕಾರಿ ಹೆಚ್ಚಿ ಮುಗಿದರೆ ರೈಟ್, ಬಾಗಿಲಿಗೆ ಚಿಲಕ ಹಾಕಿದರೆ ರೈಟ್. ಯಾರಾದರೂ ಅವಳ ಮುಂದೆ ಕೂತು ಗೋಳು ತೋಡಿಕೊಂಡು ಕಣ್ಣೊರೆಸಿಕೊಂಡರೆ ಅವರ ಬೆನ್ನು ತಟ್ಟಿ, "ರೈಟ್, ಮುಂದಕ್ಕೆ ಹೋಗೋಣ" ಅನ್ನುವಳು. ಹೀಗಾಗಿ ಬೀದಿಗೆಲ್ಲ ಅವಳು ರೈಟ್ ಅತ್ತೆ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಗಿಡ್ಡ ಆಳು, ಗುಂಡು ಮೈ, ಮುಂಗಾಲಿನ ಮೇಲೆ ಸ್ವಲ್ಪ ಬಾಗಿ ನಿಲ್ಲುವ ಅಭ್ಯಾಸ. ನೆಲ ಯಾವಾಗ ಬೇಕಾದರೂ ಬ್ರೇಕ್ ಹಾಕಬಹುದು ಎಂಬ ಎಚ್ಚರ ಅವಳ ಮೊಣಕಾಲಿನಿಂದ ಹೋಗಿಯೇ ಇರಲಿಲ್ಲ. ಇನ್ನು ಅವಳ ನಗು! ಒಮ್ಮೆ ಶುರುವಾದರೆ ಇಳಿಜಾರಿನಲ್ಲಿ ಹೊರಟ ಖಾಲಿ ಬಸ್ಸಿನ ಹಾಗೆ, ಗೋಡೆಗೆ ತಾಗಿಯೇ ನಿಲ್ಲಬೇಕು.

ಮದುವೆಯಾಗಿರಲಿಲ್ಲ. "ಇಡೀ ಆಯಸ್ಸು ಗಂಡಸರನ್ನ ಒಳಗೆ ಹೋಗಿ, ಒಳಗೆ ಹೋಗಿ ಅಂತ ತಳ್ಳಿದ್ದೇ ಆಯ್ತು. ಯಾವನನ್ನಾದ್ರೂ ನಿಲ್ಲಪ್ಪ ಅನ್ನೋಕೆ ಪುರುಸೊತ್ತೆಲ್ಲಿತ್ತು?" ಅಂತ ಅವಳೇ ಹೇಳಿಕೊಂಡು ನಗುತ್ತಿದ್ದಳು. ದುಡಿದದ್ದನ್ನೆಲ್ಲ ಹಾಕಿ ಒಂದು ಮನೆ ಕೊಂಡಿದ್ದಳು. ಎರಡು ಅಂಗಡಿಗಳ ನಡುವೆ ಯಾರೋ ಒತ್ತಿ ನಿಲ್ಲಿಸಿದಂತಿದ್ದ ಕಿರಿದಾದ, ಎತ್ತರದ ಮನೆ. ಕೆಳಗೆ ಅಡುಗೆಮನೆ, ಅತ್ತೆಯ ಕೋಣೆ, ಹಿಂಬದಿಯಲ್ಲಿ ನನ್ನ ಕೋಣೆ. ನಾನು ಆಗ ಪೇಟೆಯ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದೆ. ಮಧ್ಯದ ಅಂತಸ್ತಿನಲ್ಲಿ ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಮೇಷ್ಟ್ರು ಒಬ್ಬರು ಬಾಡಿಗೆಗಿದ್ದರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ಮಕ್ಕಳಿಗಿಂತ ಹಲ್ಲುಗಳು ಹೆಚ್ಚು ಮಾತು ಕೇಳುತ್ತವೆಂದು ಕಸುಬು ಬದಲಿಸಿದವರು. ಎಲ್ಲಕ್ಕಿಂತ ಮೇಲೆ, ಸೂರಿನ ಕೆಳಗೆ, ಒಂದು ಅಟ್ಟದ ಕೋಣೆ.

ಬಾಡಿಗೆ ಕೇಳಿಕೊಂಡು ಬಂದವರಿಗೆ ಅತ್ತೆ ಪರೀಕ್ಷೆ ಇಡುತ್ತಿದ್ದಳು. ಎಲ್ಲಿ ಕೆಲಸ, ಯಾರ ಪೈಕಿ ಎಂದೆಲ್ಲ ಅಲ್ಲ. ಕೂರಿಸಿ, ಚಹಾ ಕೊಟ್ಟು, ಒಂದು ಜೋಕು ಹೇಳುವಳು. "ಬಸ್ಸಲ್ಲಿ ಒಬ್ಬ ಅಜ್ಜ ನಿಂತೇ ಇದ್ದ. ಸೀಟು ಖಾಲಿ ಇದೆ, ಕೂತ್ಕೊಳ್ಳಜ್ಜ ಅಂದೆ. ಅವನು, 'ಕೂತ್ಕೊಳ್ಳೋಕೆ ಟೈಮಿಲ್ಲ ಕಣಮ್ಮ, ಅರ್ಜೆಂಟಾಗಿ ಹೋಗ್ಬೇಕು' ಅಂದ!" ಹೇಳಿ ಮುಗಿಸುವ ಮೊದಲೇ ಅವಳಿಗೆ ನಗು. ಎದುರಿಗಿದ್ದವರು ನಕ್ಕರೆ ಕೋಣೆ ಸಿಕ್ಕಿತು. ನಗದಿದ್ದರೆ, "ಕೋಣೆ ಆಗಲೇ ಹೋಯ್ತಲ್ಲ" ಅನ್ನುವಳು.

ಅಟ್ಟದ ಕೋಣೆ ಕೇಳಲು ಬಂದವರು ನಗಲಿಲ್ಲ. ನಗರಸಭೆಯ ನೀರಿನ ವಿಭಾಗದಲ್ಲಿ ಕೆಲಸ, ಒಂಟಿ ಜೀವ. ಬಾಗಿಲ ಚೌಕಟ್ಟಿನಲ್ಲಿ ಬಗ್ಗಿ ಒಳಗೆ ಬರಬೇಕಾದಷ್ಟು ಎತ್ತರ. ಅಜ್ಜನ ಜೋಕನ್ನು ಗಂಭೀರವಾಗಿ ಕೇಳಿ, "ಪಾಪ, ವಯಸ್ಸಾದವರಿಗೆ ಗೊಂದಲ ಆಗುತ್ತೆ" ಅಂದರು. ಅತ್ತೆಯ ಮುಖ ಸಪ್ಪಗಾಯಿತು. ಆದರೂ ಬಂದವರಿಗೆ ತೋರಿಸದೆ ಕಳಿಸುವುದು ಹೇಗೆಂದು ಅಟ್ಟಕ್ಕೆ ಕರೆದುಕೊಂಡು ಹೋದಳು. ಅವರು ಒಳಗೆ ಕಾಲಿಟ್ಟವರೇ ತೊಲೆಗೆ ಹಣೆ ಬಡಿದುಕೊಂಡರು. ಹಿಂದಕ್ಕೆ ಸರಿದರು, ಸೂರಿಗೆ ತಲೆಯ ಹಿಂಬದಿ ಬಡಿಯಿತು. ಪಕ್ಕಕ್ಕೆ ವಾಲಿದರು, ಕಿವಿ ತಾಗಿತು. ಅಷ್ಟೂ ಆದ ಮೇಲೆ ಹಾಸಿಗೆಯ ಅಂಚಿಗೆ ಕುಸಿದು, ಹಣೆ ಹಿಡಿದುಕೊಂಡು, ತಮ್ಮ ಅವಸ್ಥೆಗೆ ತಾವೇ ಬಿದ್ದು ಬಿದ್ದು ನಗತೊಡಗಿದರು. ಅತ್ತೆ ಕಣ್ಣರಳಿಸಿ ನೋಡಿದಳು.

"ಯಾವತ್ತು ಬರ್ತೀರಿ?" ಅಂದಳು.

ಅವರು ಬಂದರು. ಬೀದಿ ಅವರಿಗೆ ಏಣಿ ಸಾಹೇಬರು ಎಂದು ಹೆಸರಿಟ್ಟಿತು. ಅತ್ತೆ ಗುಜರಿಯಿಂದ ಹಳೆಯ ಬಸ್ಸಿನ ಸೀಟಿನ ಮೆತ್ತೆ ತಂದು ತೊಲೆಗೆ ಮೊಳೆ ಹೊಡೆದು ಕೂರಿಸಿದಳು. ಆಮೇಲೂ ಅವರ ತಲೆ ಬಡಿಯುತ್ತಿತ್ತು, ಆದರೆ 'ಟಕ್' ಹೋಗಿ 'ದಪ್' ಆಯಿತು. ಬೆಳಗಿನ ಚಹಾಕ್ಕೆ ಎಲ್ಲರೂ ಕೆಳಗಿನ ಅಡುಗೆಮನೆಗೆ ಬರುವುದು ರೂಢಿ. ಮೇಲೆ ದಪ್ ಎಂದರೆ ಅತ್ತೆ ಚಹಾಕ್ಕೆ ನೀರಿಡುವಳು.

ವರ್ಷಗಳು ಹೀಗೇ ಉರುಳಿದವು. ಅವರಿಬ್ಬರ ನಡುವೆ ಏನೋ ಇದೆ ಎಂದು ನನಗೂ ಹಲ್ಲಿನ ಮೇಷ್ಟ್ರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಅವರಿಬ್ಬರೇ. ಅತ್ತೆ ಬಿಸ್ಕತ್ತಿನ ಡಬ್ಬದಲ್ಲಿ ಮುರಿಯದ್ದನ್ನು ಆರಿಸಿ ಸಾಹೇಬರ ತಟ್ಟೆಗಿಡುವಳು. ಚೂರುಪಾರು ನಮಗೆ. ಸಾಹೇಬರು ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ಕಚೇರಿಗೆ ತಡಮಾಡಿ ಹೋಗುವರು. ರಿಪೇರಿಯ ಕೈಚಳಕ ಅವರಿಗೆ ಒಂದಿಷ್ಟೂ ಇರಲಿಲ್ಲ. ಸುಮ್ಮನೆ ನಲ್ಲಿಯ ಪಕ್ಕ ನಿಂತು ಅತ್ತೆಗೆ ಸ್ಪ್ಯಾನರ್ ಎತ್ತಿ ಕೊಡುವುದು, ಅಷ್ಟೇ.

ಆ ಹೊತ್ತಿಗೆ ಪಕ್ಕದ ಪಟ್ಟಣದ ಒಂದು ಬಾಡಿಗೆ ಮನೆಗೆ ಬೆಂಕಿ ಬಿದ್ದು, ಮೇಲಿನ ಕೋಣೆಯಲ್ಲಿದ್ದ ಗಂಡ ಹೆಂಡತಿ ಕಿಟಕಿಯಿಂದ ಹೊರಬರಲಾರದೆ ತೀರಿಕೊಂಡ ಸುದ್ದಿ ಬಂತು. ಊರು ಬೆಚ್ಚಿಬಿತ್ತು. ನಮ್ಮ ನಗರಸಭೆ ತುರ್ತಾಗಿ ಕೂತು, ಇನ್ನು ಮುಂದೆ ಪರವಾನಗಿ ಇಲ್ಲದೆ ಯಾರೂ ಮನೆ ಬಾಡಿಗೆಗೆ ಕೊಡುವ ಹಾಗಿಲ್ಲ ಎಂದು ತೀರ್ಮಾನಿಸಿತು. ಹೊಸ ವಿಭಾಗ ತೆರೆಯಿತು. ಮನೆ ಮನೆಗೆ ಹೋಗಿ ಪರೀಕ್ಷಿಸುವ ಕೆಲಸಕ್ಕೆ ನೀರಿನ ವಿಭಾಗದಿಂದ ಏಣಿ ಸಾಹೇಬರನ್ನು ಎತ್ತಿ ಹಾಕಿದರು. ನಿಯಮಗಳ ಕರಡು ಬರೆಯುವ ಜವಾಬ್ದಾರಿಯೂ ಅವರ ತಲೆಗೇ ಬಂತು. ಆ ಕರಡು ನಮ್ಮ ಅಡುಗೆಮನೆಯಲ್ಲಿ, ಚಹಾ ಲೋಟಗಳ ನಡುವೆ ಬೆಳೆಯಿತು.

"ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಇರ್ಬೇಕು ಅಂತ ಬರೀರಿ," ಅತ್ತೆ ಹೇಳುವಳು. "ಮನುಷ್ಯನಿಗೆ ಕೈಗೊಂದು ಕಂಬಿ ಸಿಕ್ರೆ ಅರ್ಧ ಭಯ ಹೋಗುತ್ತೆ. ನಾನು ನೋಡಿದ್ದೀನಿ."

"ಬರ್ದೆ. ಇನ್ನೇನು?"

"ಬಸ್ಸಲ್ಲಿ ಎಮರ್ಜೆನ್ಸಿ ಬಾಗಿಲು ಅಂತ ಇರುತ್ತಲ್ಲ. ಮಲಗೋ ಕೋಣೆಗೆ ಯಾಕೆ ಬೇಡ? ಬಾಗಿಲ ಕಡೆ ಬೆಂಕಿ ಇದ್ರೆ ಜನ ಎಲ್ಲಿಂದ ಹೋಗ್ಬೇಕು? ಒಬ್ಬ ಆಳು ಆರಾಮಾಗಿ ತೂರೋವಷ್ಟು ಕಿಟಕಿ ಇರ್ಲೇಬೇಕು. ಇಲ್ಲದಿದ್ರೆ ಅದು ಕೋಣೆ ಅಲ್ಲ, ಡಬ್ಬ."

ಏಣಿ ಸಾಹೇಬರು ಪೆನ್ನು ಎತ್ತಿ ಅವಳನ್ನು ನೋಡಿದ ನೋಟಕ್ಕೆ ಹಲ್ಲಿನ ಮೇಷ್ಟ್ರು ನನ್ನ ಕಾಲು ತುಳಿದರು. ನಗರಸಭೆಯವರು ಇಡೀ ನಿಯಮಾವಳಿಯಲ್ಲಿ ಹೆಚ್ಚು ಮೆಚ್ಚಿದ್ದು ಆ ಕಿಟಕಿಯ ಸಾಲನ್ನೇ ಅಂತೆ. ಅತ್ತೆ ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ. ಹಾಲಿನವನಿಗೂ, "ಕಾನೂನಲ್ಲಿ ನಂದೊಂದು ಕಿಟಕಿ ಇದೆ ಕಣಪ್ಪ" ಎಂದು ಹೇಳಿ ಕಳಿಸಿದಳು.

ನಿಯಮ ಜಾರಿಗೆ ಬಂದ ದಿನ ಬೆಳಿಗ್ಗೆ ಏಣಿ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಳತೆಯ ಟೇಪನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಚಹಾಕ್ಕೆ ಬಂದರು. ಹಲ್ಲಿನ ಮೇಷ್ಟ್ರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ, ಯಾವ ದುರುದ್ದೇಶವೂ ಇಲ್ಲದೆ ಕೇಳಿದರು:

"ಅಲ್ಲಾ ಸಾಹೇಬ್ರೇ, ಊರಿನ ಕಿಟಕಿ ಎಲ್ಲ ಅಳೆಯೋಕೆ ಹೊರಟಿದ್ದೀರಿ. ನಿಮ್ಮ ಕಿಟಕಿಯಿಂದ ನೀವು ಹೊರಗೆ ಬರ್ತೀರಾ?"

ಬಿಸ್ಕತ್ತು ಮುರಿದು ಚಹಾದಲ್ಲಿ ಮುಳುಗಿತು. ಯಾರೂ ಅದನ್ನು ಎತ್ತಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಅದು ಆ ಕ್ಷಣ ನಮ್ಮ ನಾಲ್ವರಿಗೂ ಒಟ್ಟಿಗೇ ಕಂಡಿತು. ಅಟ್ಟದ ಕೋಣೆಗಿದ್ದದ್ದು ಒಂದೇ ಒಂದು ದುಂಡು ಕಿಟಕಿ. ಅದರಿಂದ ಆಚೆ ಪಾರಿವಾಳಗಳು ಕಾಣುತ್ತಿದ್ದವು, ಗಾಳಿ ಬರುತ್ತಿತ್ತು. ಮನುಷ್ಯ ಹೋಗುವುದರ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಮೊದಲು ನಕ್ಕವಳು ಅತ್ತೆ. "ಅಯ್ಯೋ! ನನ್ನ ಕಿಟಕಿಗೆ ನಾನೇ ಸಿಕ್ಕಿಬಿದ್ನಾ!"

"ನಗೋ ವಿಷಯ ಅಲ್ಲ," ಅಂದರು ಸಾಹೇಬರು. "ಪರೀಕ್ಷಿಸಿ ನೋಡ್ಲೇಬೇಕು. ನಮ್ಮನೆಯಿಂದ್ಲೇ ಶುರು ಮಾಡದೆ ಪಕ್ಕದ ಮನೆ ಬಾಗಿಲು ಯಾವ ಮುಖ ಇಟ್ಕೊಂಡು ತಟ್ಟಲಿ?"

ನಾಲ್ವರೂ ಅಟ್ಟ ಹತ್ತಿದೆವು. ದಪ್. ಸಾಹೇಬರು ಸ್ಟೂಲಿನ ಮೇಲೆ ನಿಂತು, ಚಪ್ಪಲಿ ಕಳಚಿ, ಎರಡೂ ಕೈಯನ್ನು ಈಜುಗಾರನ ಹಾಗೆ ಜೋಡಿಸಿ ಕಿಟಕಿಯೊಳಗೆ ತೂರಿದರು. ಕೈ ಹೋಯಿತು, ತಲೆ ಹೋಯಿತು, ಭುಜ ಸ್ವಲ್ಪ ತಕರಾರು ಮಾಡಿ ಹೋಯಿತು. "ಆಗುತ್ತೆ, ಆಗುತ್ತೆ," ಎಂದು ಅವರ ದನಿ ಆಚೆಯಿಂದ ಕೇಳಿಸಿತು. ಆಮೇಲೆ ಹೊಟ್ಟೆ ಬಂತು. ವರ್ಷಗಟ್ಟಲೆ ಅತ್ತೆ ಆರಿಸಿ ಆರಿಸಿ ಕೊಟ್ಟ ಬಿಸ್ಕತ್ತುಗಳೆಲ್ಲ ಅಲ್ಲಿ ಒಟ್ಟುಗೂಡಿದ್ದವು. ಸಾಹೇಬರು ಅರ್ಧ ಹೊರಗೆ, ಅರ್ಧ ಒಳಗೆ ನಿಂತುಬಿಟ್ಟರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಹಿಂದಕ್ಕೆ ಎಳೀರಿ," ಅಂದರು ಆಚೆಯಿಂದ.

ನಾನು ಒಂದು ಕಾಲು, ಹಲ್ಲಿನ ಮೇಷ್ಟ್ರು ಒಂದು ಕಾಲು ಹಿಡಿದು ಎಳೆದೆವು. ಬೆಲ್ಟಿನಲ್ಲಿದ್ದ ಟೇಪು ಕಿಟಕಿಯ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿತ್ತು. ಹಿಂದಕ್ಕೆ ಬರುವ ದಾರಿ ಬಂದ್ ಆಯಿತು.

ಕಿಟಕಿಯ ಆಚೆ ಅಪಾಯವೇನೂ ಇರಲಿಲ್ಲ. ಅಲ್ಲಿ ಪಕ್ಕದ ಅಂಗಡಿಯ ಸಪಾಟಾದ ತಾರಸಿ, ಮೊಣಕಾಲು ಮಟ್ಟದ ಅಂತರದಲ್ಲಿ. ಆದರೆ ಅದು ಬೀದಿಯ ಕಡೆಗೆ ತೆರೆದಿತ್ತು. ನಗರಸಭೆಯ ಪರೀಕ್ಷಕರೊಬ್ಬರು ಮನೆಯ ಮಾಡಿನಿಂದ ಮೊಳೆತು ನಿಂತದ್ದನ್ನು ಕೆಳಗೆ ಹೋಗುವವರು ನೋಡಿದರು. ಒಬ್ಬರು ನಿಂತರು, ಇಬ್ಬರು ನಿಂತರು, ಜಾತ್ರೆ ಸೇರಿತು. ಅತ್ತೆ ಮೆಟ್ಟಿಲಿಳಿದು ಓಡಿ, ಅಂಗಡಿಯವನ ಏಣಿ ಇಸಿದುಕೊಂಡು ತಾರಸಿ ಹತ್ತಿದಳು. ಕೆಳಗಿನಿಂದ ಯಾರೋ, "ಏಣಿಗೇ ಏಣಿ ಹಾಕ್ತಿದ್ದಾರೆ ನೋಡ್ರೋ!" ಎಂದು ಕೂಗಿದರು. ಅತ್ತೆ ಏಣಿಯ ನಡುವೆ ನಿಂತು ನಗು ಮುಗಿಸಿ ಮತ್ತೆ ಹತ್ತಬೇಕಾಯಿತು.

ಒಳಗಿನಿಂದ ನಾವು ತಳ್ಳಿದೆವು. ಆಚೆ ಅತ್ತೆ ಅವರ ಎರಡೂ ಕೈ ಹಿಡಿದು ಎಳೆದಳು. "ಹೊರಗೆ ಬನ್ನಿ, ಹೊರಗೆ ಬನ್ನಿ," ಎಂದಳು. ಬಸ್ಸಿನಲ್ಲಿ ಅಷ್ಟು ವರ್ಷ ಹೇಳಿದ್ದಕ್ಕೆ ತದ್ವಿರುದ್ಧ. ಸಾಹೇಬರು ಮಾತ್ರ ಕಲ್ಲಿನಂತೆ ಉಸಿರು ಬಿಗಿಹಿಡಿದು, ಕಚೇರಿಯ ದನಿಯಲ್ಲಿ ಘೋಷಿಸಿದರು:

"ಈ ಕೋಣೆ ಬಾಡಿಗೆಗೆ ಯೋಗ್ಯವಲ್ಲ. ನಾನು ಖಾಲಿ ಮಾಡ್ಬೇಕು."

ಅತ್ತೆಯ ನಗು ನಿಂತಿತು. ಅದು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಖಾಲಿ ಮಾಡೋದಾ? ಎಲ್ಲಿಗೆ ಹೋಗ್ತೀರಿ?"

"ಎಲ್ಲಾದ್ರೂ. ನಿಯಮ ಅಂದ್ರೆ ನಿಯಮ."

"ಮನೆಯವರು ಇರೋ ಕೋಣೆಗೆ ಅದು ಅನ್ವಯ ಆಗಲ್ಲ ಅಂತ ನೀವೇ ಓದಿದ್ರಲ್ಲ?"

"ಹೌದು. ಮಾಲೀಕರು, ಅವರ ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಒಡಹುಟ್ಟಿದವರ ಮಕ್ಕಳು. ಮಾಲೀಕರ ಹೆಂಡತಿ, ಅಥವಾ ಮಾಲೀಕರ ಗಂ..."

ಸಾಹೇಬರು ಅಲ್ಲಿಗೇ ನಿಲ್ಲಿಸಿದರು. ಬೀದಿಯೂ ನಿಂತಿತು. ಹಲ್ಲಿನ ಮೇಷ್ಟ್ರು ಹಿಡಿದ ಕಾಲನ್ನು ಬಿಟ್ಟು, ತಮ್ಮ ಬಾಯಿಗೆ ಕೈ ಅಡ್ಡ ಹಿಡಿದರು.

"ಹಾಗಾದ್ರೆ ಆಗಿ," ಅಂದಳು ಅತ್ತೆ.

"ಏನಾಗ್ಲಿ?"

"ನೀವು ಹೇಳೋಕೆ ಹೋಗಿ ಬಿಟ್ರಲ್ಲ, ಅದು."

ಕೆಳಗೆ ಒಂದು ಶಿಳ್ಳೆ ಹಾರಿತು. ಸಾಹೇಬರ ಕಿವಿ ಕೆಂಪಾದದ್ದು ನಮಗೆ ಕಾಣುವ ಹಾಗಿರಲಿಲ್ಲ. ಆದರೆ ಪಾದದ ಬೆರಳುಗಳು ಒಂದೊಂದಾಗಿ ಮುದುಡಿಕೊಂಡದ್ದನ್ನು ನಾವಿಬ್ಬರೂ ನೋಡಿದೆವು.

"ಆಗಲ್ಲ," ಅಂದರು ಅವರು. "ಬೆಂಕಿಗೆ ಗಂಡ ಯಾರು, ಬಾಡಿಗೆದಾರ ಯಾರು ಅಂತ ಗೊತ್ತಾಗುತ್ತಾ? ಪಕ್ಕದೂರಲ್ಲಿ ಹೋದವರೂ ಯಾರದೋ ಮನೆಯವರೇ. ನಿಯಮ ತಪ್ಪಿಸ್ಕೊಳ್ಳೋಕೆ ನಾನು ಮದುವೆ ಆಗೋನಲ್ಲ."

ಅತ್ತೆ ಬೀದಿಗೆ ಕೇಳದಷ್ಟು ಮೆತ್ತಗೆ, ಆದರೆ ಅಟ್ಟಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಸರಿ ಬಿಡಿ. ಈ ಕೋಣೆಗೆ ಬೀಗ ಹಾಕೋಣ. ನಿಯಮ ಇಲ್ಲ, ಕೋಣೆ ಇಲ್ಲ, ಏನೂ ಇಲ್ಲ ಅಂದ್ಕೊಳ್ಳಿ. ಆಗ ಆಗ್ತೀರಾ?"

ಸಾಹೇಬರು ಅಲ್ಲಿಯವರೆಗೂ ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟರು. ಒಂದು ಬೆಳಗಿನ ಉಸಿರಲ್ಲ, ಅಷ್ಟೂ ವರ್ಷದ ಉಸಿರು ಅದು. ಹೊಟ್ಟೆ ಒಳಗೆ ಹೋಯಿತು, ಟೇಪು ತಟಕ್ಕನೆ ಕಳಚಿತು, ಕಿಟಕಿ ಅವರನ್ನು ಬಾಟಲಿಯಿಂದ ಬಿರಡೆ ಹಾರಿದಂತೆ ಆಚೆಗೆ ಉಗುಳಿತು. ಹಿಂದಿನಿಂದ ತಳ್ಳುತ್ತಿದ್ದ ನಾನು ಗೋಡೆಗೆ ಮುಖ ಹಚ್ಚಿದೆ. ಎದ್ದು ಕಿಟಕಿಯಿಂದ ನೋಡಿದರೆ ಅತ್ತೆ ತಾರಸಿಯ ಮೇಲೆ ಅಂಗಾತ ಬಿದ್ದಿದ್ದಾಳೆ, ಅವಳ ಮೇಲೆ ಅರ್ಧ, ನೆಲದ ಮೇಲೆ ಅರ್ಧ ಸಾಹೇಬರು. ಇಬ್ಬರಿಗೂ ಮಾತಿಲ್ಲ, ಬರೀ ನಗು.

"ಆಗ್ತೀನಿ," ಅಂದರು ಸಾಹೇಬರು, ಬರಿಗಾಲಲ್ಲಿ ಎದ್ದು ಕೂತು.

"ರೈಟ್!" ಅಂದಿತು ಇಡೀ ಬೀದಿ.

ಮದುವೆಯಾಗುವ ಮಾತಾಯಿತು ನಿಜ, ಆದರೆ ಮನೆಯ ಪರೀಕ್ಷೆ ಬಾಕಿಯಿತ್ತು. ತಮಗೆ ಬೇಕಾದವರ ಮನೆಯನ್ನು ತಾವೇ ಪರೀಕ್ಷಿಸಬಾರದು ಎಂದು ಸಾಹೇಬರು ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಅಲ್ಲಿ ಅವರ ಜೊತೆ ಇನ್ನೊಬ್ಬ ಪರೀಕ್ಷಕಿ ಇದ್ದರು. ಎಂಥ ನುಣುಪಾದ ಗೋಡೆಯಲ್ಲೂ ಒಂದು ಬಿರುಕನ್ನು ಹೆಕ್ಕಿ ತೆಗೆಯುವವರು. ಊರಿನ ಮನೆಮಾಲೀಕರು ಆಗಲೇ ಅವರಿಗೆ ಚಿಮಟ ಮೇಡಂ ಎಂದು ಹೆಸರಿಟ್ಟಿದ್ದರು. ನಮ್ಮ ಮನೆ ಅವರ ಪಾಲಿಗೆ ಬಂತು.

ಜೀವಮಾನವಿಡೀ ಬಾಡಿಗೆದಾರರಿಗೆ ಪರೀಕ್ಷೆ ಇಟ್ಟವಳಿಗೆ ಈಗ ತಾನೇ ಪರೀಕ್ಷೆಗೆ ಕೂರುವ ಸರದಿ. ಅತ್ತೆ ಬೆಳಿಗ್ಗೆಯಿಂದ ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಒರೆಸಿದಳು. ಹೊಗೆ ಬಂದರೆ ಕೂಗುವ ಗಂಟೆಯನ್ನು ಕೋಣೆಗೊಂದರಂತೆ ಹಾಕಿಸಿದ್ದಲ್ಲದೆ ಬಚ್ಚಲಿಗೂ ಒಂದು ಹಾಕಿಸಿದ್ದಳು. ಮೇಡಂ ಬಂದರು. ತೆಳ್ಳಗೆ, ನೆಟ್ಟಗೆ, ತುಟಿ ಬಿಗಿದು. ಅತ್ತೆ ಧೈರ್ಯ ಮಾಡಿ ಅಜ್ಜನ ಜೋಕು ಹೇಳಿದಳು. ಮೇಡಂ, "ಆ ಬಸ್ಸಲ್ಲಿ ಹಿಡ್ಕೊಳ್ಳೋಕೆ ಕಂಬಿ ಇತ್ತಾ?" ಎಂದು ಕೇಳಿ ನಮ್ಮ ಮೆಟ್ಟಿಲಿನ ಕಂಬಿಯನ್ನು ಅಲ್ಲಾಡಿಸಿ ನೋಡಿದರು. ಕಂಬಿ ಬುಡಸಮೇತ ಅಲ್ಲಾಡಿತು. ಬರೆದುಕೊಂಡರು. ಅತ್ತೆಯ ಮುಖ ಒಣಗಿದ ನಿಂಬೆಹಣ್ಣಾಯಿತು.

ಮಧ್ಯದ ಅಂತಸ್ತಿನ ಹೊತ್ತಿಗೆ ಮೇಡಂ ಹೊಗೆಯ ಗಂಟೆಯ ಗುಂಡಿ ಒತ್ತಿದರು. ಕಿವಿ ಹರಿದು ಹೋಗುವಂಥ ಕೂಗು. ಹಲ್ಲಿನ ಮೇಷ್ಟ್ರು ಅದೇ ಹೊತ್ತಿಗೆ ದಂತವೈದ್ಯರಿಗೆ ತಲುಪಿಸಲು ಒಂದು ತಟ್ಟೆ ತುಂಬ ಹಲ್ಲಿನ ಸೆಟ್ಟುಗಳನ್ನು ಹಿಡಿದು ಬಾಗಿಲು ದಾಟುತ್ತಿದ್ದರು. ಬೆಚ್ಚಿಬಿದ್ದರು. ತಟ್ಟೆ ಹಾರಿತು. ಹಲ್ಲುಗಳು ಮೆಟ್ಟಿಲಿನ ಮೇಲೆ ಕಟ ಕಟ ಕಟ ಎಂದು ಪುಟಿಯುತ್ತಾ, ಒಂದನ್ನೊಂದು ಹಿಂದಿಕ್ಕುತ್ತಾ, ಇಳಿದೇ ಇಳಿದವು. ಗಂಟೆ ನಿಂತಾಗ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಒಂದೊಂದು ಮೆಟ್ಟಿಲಿನ ಮೇಲೂ ಒಂದೊಂದು ಸೆಟ್ಟು ಬಾಯಿ ತೆರೆದು ನಗುತ್ತಾ ಕೂತಿದೆ.

ಮೇಡಂ ನೋಡಿದರು. ತುಟಿ ಇನ್ನೂ ಬಿಗಿದರು. ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ಎರಡನೆಯದು ಬಂತು. ಮೂರನೆಯದಕ್ಕೆ ತಡೆಯಲಾರದೆ ಗೋಡೆಗೆ ಒರಗಿ, ಹೊಟ್ಟೆ ಹಿಡಿದು, "ಅಯ್ಯೋ, ಅಯ್ಯೋ, ಆ ಕೆಳಗಿನದು ನಮ್ಮ ಮೇಲಧಿಕಾರಿ ಥರಾನೇ..." ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆ ಜೊತೆಗೂಡಿದಳು. ಮೇಷ್ಟ್ರು ಮಂಡಿಯೂರಿ ಹಲ್ಲು ಆರಿಸುತ್ತಿದ್ದರು. ಅವರೂ ಅಲ್ಲೇ ಕೂತು ನಗತೊಡಗಿದರು. ಒಂದು ಸೆಟ್ಟು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಮಧ್ಯಾಹ್ನ ನನ್ನ ಬೂಟಿನೊಳಗೆ ಸಿಕ್ಕಿತು.

ಇಷ್ಟೆಲ್ಲ ನಕ್ಕ ಮೇಲೆ ಪರವಾನಗಿ ಕೈಗೆ ಬಂದ ಹಾಗೇ ಎಂದುಕೊಂಡಳು ಅತ್ತೆ. ಮೇಡಂ ಕಣ್ಣೊರೆಸಿಕೊಂಡು, ಇನ್ನೂ ಬಿಕ್ಕಳಿಸುತ್ತಲೇ, "ಕಂಬಿ ಸರಿಯಿಲ್ಲ, ಫೇಲು. ಅಟ್ಟದ ಕಿಟಕಿ, ಫೇಲು. ಬಚ್ಚಲಲ್ಲಿ ಹೊಗೆ ಗಂಟೆ ಬೇಡ, ಬಿಸಿನೀರಿನ ಹಬೆಗೂ ಕೂಗುತ್ತೆ, ತೆಗೀರಿ," ಎಂದು ಹೇಳಿ, ಕಂಬಿ ಹಿಡಿಯದೆ ಹುಷಾರಾಗಿ ಇಳಿದು ಹೋದರು.

"ಏನ್ ಹೆಂಗಸಪ್ಪಾ!" ಅಂದಳು ಅತ್ತೆ, ಅಪ್ಪಟ ಮೆಚ್ಚುಗೆಯಿಂದ. "ನಕ್ಕೂ ನಕ್ಕೂ ಫೇಲು ಮಾಡಿದ್ಲು!"

ಅಂದಿನಿಂದ ಮನೆಯಲ್ಲಿ ಸುತ್ತಿಗೆ, ಗಾರೆ, ಧೂಳು. ಕಂಬಿಯನ್ನು ಗೋಡೆಗೆ ಬಿಗಿದರು. ಅಟ್ಟದ ದುಂಡು ಕಿಟಕಿ ಕಿತ್ತು, ಆ ಗೋಡೆಯಲ್ಲಿ ಆಳೆತ್ತರದ ಬಾಗಿಲು ತೆರೆದು, ಅಂಗಡಿಯವನನ್ನು ಒಪ್ಪಿಸಿ ತಾರಸಿಯಿಂದ ಕೆಳಕ್ಕೆ ಕಬ್ಬಿಣದ ಮೆಟ್ಟಿಲು ಇಳಿಸಿದರು. ಅದು ಮುಗಿಯುವವರೆಗೆ ಏಣಿ ಸಾಹೇಬರು ಊರಿನಲ್ಲಿ ಮೊಟ್ಟಮೊದಲು ಪರವಾನಗಿ ಪಡೆದ ಒಂದು ಮನೆಯಲ್ಲಿ ಇದ್ದರು. ಅಲ್ಲಿ ಎಲ್ಲವೂ ಅವರೇ ಬರೆದ ನಿಯಮದಂತೆ ಇತ್ತು. ಕಿಟಕಿ ದೊಡ್ಡದು, ಸೂರು ಎತ್ತರ, ಮೆಟ್ಟಿಲು ಅಗಲ. ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಅಡುಗೆಮನೆಗೆ ಬಂದುಬಿಡುವರು.

"ಹೇಗಿದೆ ಹೊಸ ಮನೆ?" ಹಲ್ಲಿನ ಮೇಷ್ಟ್ರು ಕೇಳಿದರು.

"ತಪ್ಪು ಹುಡುಕೋಕೇ ಆಗಲ್ಲ," ಅಂದರು ಸಾಹೇಬರು ದುಃಖದಿಂದ. "ತಲೆ ಎಲ್ಲಿಗೂ ಬಡಿಯಲ್ಲ. ಎದ್ದಿದ್ದೀನೋ ಮಲಗಿದ್ದೀನೋ ಅಂತಾನೇ ತಿಳಿಯಲ್ಲ."

ಚಿಮಟ ಮೇಡಂ ಮತ್ತೆ ಬಂದು ಕಂಬಿಗೆ ಜೋತುಬಿದ್ದು ನೋಡಿದರು. ಅಟ್ಟದ ಹೊಸ ಬಾಗಿಲಿನಿಂದ ತಾವೇ ಹೊರಗೆ ಹೋಗಿ, ಕಬ್ಬಿಣದ ಮೆಟ್ಟಿಲಿಳಿದು, ಬೀದಿ ಸುತ್ತಿ, ಮುಂಬಾಗಿಲು ತಟ್ಟಿ, "ಪಾಸು" ಎಂದರು. ಪರವಾನಗಿ ಪತ್ರವನ್ನು ನಗರಸಭೆಯಲ್ಲಿ ಪಡೆದುಕೊಳ್ಳಬೇಕಿತ್ತು. ಮದುವೆ ನೋಂದಣಿಯೂ ಅದೇ ಕಟ್ಟಡದಲ್ಲೇ. "ಒಂದೇ ಟ್ರಿಪ್‌ನಲ್ಲಿ ಎರಡೂ ಮುಗಿಸೋಣ," ಅಂದಳು ಅತ್ತೆ. ಸಾಹೇಬರು ಅರ್ಧ ದಿನ ರಜೆ ಹಾಕಿದರು. ನಾನೂ ಮೇಷ್ಟ್ರೂ ಸಾಕ್ಷಿ ಹಾಕಲು ಹೊರಟೆವು.

ಉದ್ದನೆಯ ಪಡಸಾಲೆಯಲ್ಲಿ ಅಕ್ಕಪಕ್ಕ ಎರಡು ಕೌಂಟರು. ಎರಡರ ಮುಂದೆಯೂ ಸಾಲು. ಸಾಹೇಬರನ್ನು ಯಾರೋ ಸಹೋದ್ಯೋಗಿ ಹಿಡಿದು ನಿಲ್ಲಿಸಿಕೊಂಡಿದ್ದರು. ಅತ್ತೆ ನನ್ನ ಕೈ ಹಿಡಿದುಕೊಂಡು ಒಂದು ಸಾಲಿಗೆ ನುಗ್ಗಿದಳು. ಕೌಂಟರಿನ ಹಿಂದೆ ಕೂತಿದ್ದ ಗುಮಾಸ್ತರು ಕನ್ನಡಕವನ್ನು ಹಣೆಯ ಮೇಲೆ ಏರಿಸಿ ಎಲ್ಲ ಕಡೆ ಅದನ್ನೇ ಹುಡುಕುತ್ತಿದ್ದರು. ತಲೆಯೆತ್ತದೆ ಕೇಳಿದರು:

"ಹೊಸದೋ, ನವೀಕರಣವೋ?"

"ಹೊಸದು," ಅತ್ತೆ ನಾಚಿಕೊಂಡಳು. "ಇಬ್ಬರಿಗೂ ಮೊದಲನೇ ಸಲ."

"ಎಷ್ಟು ಹಳೇದು?"

"ಐವತ್ತಾರು ವರ್ಷ. ಆದ್ರೆ ಗಟ್ಟಿಯಾಗಿದೆ."

"ಎತ್ತರ ಸಾಕಷ್ಟಿದೆಯಾ?"

"ಸಾಕಷ್ಟಾ! ಬೇಕಾದ್ದಕ್ಕಿಂತ ಜಾಸ್ತಿ."

"ಸೋರುತ್ತಾ?"

ಅತ್ತೆ ಯೋಚಿಸಿದಳು. "ನೆಗಡಿ ಆದಾಗ ಸ್ವಲ್ಪ."

ಗುಮಾಸ್ತರು ತಲೆಯಾಡಿಸಿ ಬರೆದುಕೊಂಡರು. ನನಗೆ ಅನುಮಾನ ಬಂದು ಮೇಲಿನ ಫಲಕ ನೋಡಿದೆ. ಬಾಡಿಗೆ ಮನೆ ಪರವಾನಗಿ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅತ್ತೆಯ ತೋಳು ಜಗ್ಗಿದೆ. ಅವಳು ಕೊಡವಿಕೊಂಡಳು.

"ಇದಕ್ಕೆ ಮುಂಚೆ ಅಲ್ಲಿ ಬೇರೆ ಯಾರಾದ್ರೂ ಇದ್ರಾ?" ಗುಮಾಸ್ತರ ಮುಂದಿನ ಪ್ರಶ್ನೆ.

ಅತ್ತೆ ತಿರುಗಿ, ಪಡಸಾಲೆಯ ಆ ತುದಿಗೆ ಕೇಳುವಂತೆ, ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೂಗುವ ಗಂಟಲಲ್ಲಿ ಕೂಗಿದಳು:

"ರೀ! ನಿಮ್ಮ ಮನಸ್ಸಲ್ಲಿ ನನಗಿಂತ ಮುಂಚೆ ಯಾರಾದ್ರೂ ಇದ್ರಾ ಅಂತ ಕೇಳ್ತಿದ್ದಾರೆ!"

ಎರಡೂ ಸಾಲು ಒಟ್ಟಿಗೆ ಸಾಹೇಬರ ಕಡೆ ತಿರುಗಿದವು. ಅವರು ತಮ್ಮದೇ ಕಚೇರಿಯ ನಡುವೆ, ತಮ್ಮದೇ ಸಹೋದ್ಯೋಗಿಗಳ ಎದುರು, ಅಷ್ಟು ಎತ್ತರದ ಆಳು, ಅಡಗಲು ಒಂದು ಕಂಬವೂ ಇಲ್ಲದೆ ನಿಂತಿದ್ದರು. ಗಂಟಲು ಸರಿಮಾಡಿಕೊಂಡು ಅಷ್ಟೇ ಗಟ್ಟಿಯಾಗಿ ಉತ್ತರಿಸಿದರು:

"ಇಲ್ಲ! ನೀನೇ ಮೊದಲು! ಆದ್ರೆ ನೀನು ನಿಂತಿರೋ ಸಾಲು ತಪ್ಪು!"

ಕಟ್ಟಡದೊಳಗೆ ಅಂಥ ನಗೆ ಅದಕ್ಕೆ ಹಿಂದೆಂದೂ ಎದ್ದಿರಲಿಕ್ಕಿಲ್ಲ. ಗುಮಾಸ್ತರ ಕನ್ನಡಕ ಹಣೆಯಿಂದ ಜಾರಿ ಮೂಗಿನ ಮೇಲೆ ಕೂತಿತು. ಆಗ ಅವರಿಗೆ ಅತ್ತೆ ಕಂಡಳು, ವಿಷಯವೂ ಕಂಡಿತು. "ಪರವಾನಗಿ ತಗೊಂಡೇ ಆ ಕಡೆ ಹೋಗಿಮ್ಮ, ಇಲ್ಲೀವರೆಗೆ ಬಂದಿದ್ದೀರಲ್ಲ," ಎಂದು ಮುದ್ರೆ ಒತ್ತಿ ಕೊಟ್ಟರು. ಹೀಗೆ ನಮ್ಮತ್ತೆ ಮೊದಲು ಪರವಾನಗಿ ಪಡೆದ ಮನೆಯೊಡತಿಯಾದಳು, ಆಮೇಲೆ ಹೆಂಡತಿಯಾದಳು. ಮೇಷ್ಟ್ರು ಸಾಕ್ಷಿಯ ಸಹಿ ಹಾಕುವಾಗ ಅತ್ತರು. ಕೇಳಿದರೆ ಹಲ್ಲುನೋವು ಎಂದರು.

ಏಣಿ ಸಾಹೇಬರು ಈಗ ಕೆಳಗಿನ ಕೋಣೆಯಲ್ಲಿ, ಅತ್ತೆಯ ಜೊತೆ. ಅಟ್ಟದ ಕೋಣೆಗೆ ಒಬ್ಬ ನರ್ಸ್ ಬಾಡಿಗೆಗೆ ಬಂದಳು. ಚುರುಕು ಹುಡುಗಿ. ಬಂದ ಮೊದಲ ದಿನವೇ ನಿಯಮಾವಳಿಯನ್ನು ತರಿಸಿಕೊಂಡು ಪೂರ್ತಿ ಓದಿದಳು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ಕಚೇರಿಗೆ ಹೋದವರು ಅರ್ಧ ಗಂಟೆಯಲ್ಲಿ ಓಡುತ್ತಾ ವಾಪಸು ಬಂದರು. ಮುಖ ಹಬ್ಬದ ಮನೆಯಾಗಿತ್ತು.

"ಬಂತು, ಬಂತು! ಬಾಡಿಗೆದಾರರಿಂದ ನಮ್ಮ ವಿಭಾಗಕ್ಕೆ ಮೊಟ್ಟಮೊದಲ ದೂರು! ಇಷ್ಟು ದಿನ ಒಬ್ಬರೂ ಧೈರ್ಯ ಮಾಡಿರ್ಲಿಲ್ಲ!"

"ಯಾರ ಮನೆ ಮೇಲೆ?" ಅತ್ತೆ ಆಸೆಯಿಂದ ಕೇಳಿದಳು.

"ನಮ್ಮನೆ ಮೇಲೇ! ಮೇಲಿನ ಬಚ್ಚಲ ನಲ್ಲಿ ಸೋರ್ತಿದೆಯಂತೆ!"

ಅತ್ತೆ ನರ್ಸನ್ನು ಕೂಗಿ ಕರೆದಳು. "ಅಲ್ವೇ, ನಮಗೇ ಒಂದು ಮಾತು ಹೇಳಬಹುದಿತ್ತಲ್ಲ?"

"ಎಷ್ಟೋ ಸಲ ಹೇಳಿದ್ದೀನಿ," ಅಂದಳು ನರ್ಸ್, ಸೊಂಟಕ್ಕೆ ಕೈಯಿಟ್ಟು. "ಪ್ರತಿ ಸಲಾನೂ ನೀವಿಬ್ರೂ ಏನೋ ನೆನೆಸ್ಕೊಂಡು ನಗೋಕೆ ಶುರು ಮಾಡ್ತೀರಿ, ನಲ್ಲಿ ಮರೆತುಹೋಗುತ್ತೆ."

ಸುಳ್ಳಲ್ಲ. ಸಾಹೇಬರು ಅವಳನ್ನು ಮನಸಾರೆ ಹೊಗಳಿದರು. ನಿಯಮ ಇರುವುದು ಇಂಥವರಿಗೇ, ಹಕ್ಕು ಅಂದರೆ ಕೇಳಿ ಪಡೆಯಬೇಕು ಎಂದೆಲ್ಲ ಹೇಳಿ, ದೂರನ್ನು ಚಿಮಟ ಮೇಡಂಗೆ ವಹಿಸಿ ಬಂದದ್ದಾಗಿಯೂ ತಿಳಿಸಿದರು. ಆದರೆ ಮೇಡಂ ಬರುವುದರೊಳಗೆ ತಾವೇ ಸರಿಮಾಡಿಬಿಡಬೇಕೆಂಬ ಉಮೇದು ಅವರಿಗೆ ಬಂತು. ಅತ್ತೆ ಸ್ಪ್ಯಾನರ್ ಕೇಳಿದರೂ ಕೊಡಲಿಲ್ಲ. "ಈ ಸಲ ನಾನೇ," ಎಂದು ತಿರುಗಿಸಿದರು. ಎಡಕ್ಕೆ ತಿರುಗಿಸಬೇಕಾದ್ದನ್ನು ಬಲಕ್ಕೆ, ಅಥವಾ ಬಲಕ್ಕೆ ತಿರುಗಿಸಬೇಕಾದ್ದನ್ನು ಎಡಕ್ಕೆ. ನಲ್ಲಿ ಬುಡದಿಂದಲೇ ಕಿತ್ತು ಅವರ ಕೈಗೆ ಬಂತು. ನೀರು ಸೂರಿಗೆ ಹಾರಿ ನಾಲ್ಕೂ ದಿಕ್ಕಿಗೆ ಸುರಿಯಿತು. ನರ್ಸ್ ಕೊಡೆ ಬಿಚ್ಚಿಕೊಂಡು ಕೊಳಾಯಿ ರಿಪೇರಿಯವನಿಗೆ ಫೋನು ಮಾಡತೊಡಗಿದಳು. ಸಾಹೇಬರು ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿದ ಕಡೆಯಿಂದೆಲ್ಲ ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಕಾರಂಜಿ ಚಿಮ್ಮುತ್ತಿತ್ತು. ಅತ್ತೆ ನೀರಿನಲ್ಲೇ ಕೂತು, ಗೋಡೆಗೆ ಬೆನ್ನು ಕೊಟ್ಟು, ಉಸಿರು ಸಿಕ್ಕದೆ ನಗುತ್ತಿದ್ದಳು.

"ನಗ್ಬೇಡ ಕಣೇ, ನಂಗೂ ನಗು ಬಂದ್ರೆ ಕೈ ಜಾರುತ್ತೆ!" ಎಂದು ಸಾಹೇಬರು ಬೇಡಿಕೊಂಡರು.

ಕೆಳಗೆ ಮುಂಬಾಗಿಲು ತಟ್ಟಿದ ಸದ್ದಾಯಿತು. ಬಂದವರು ಕೊಳಾಯಿಯವನೋ ಚಿಮಟ ಮೇಡಮ್ಮೋ ಎಂದು ತಿಳಿಯದೆ, ತೊಯ್ದ ಬಟ್ಟೆಯಲ್ಲೇ, ಕಂಬಿ ಹಿಡಿದುಕೊಂಡು ನಾನು ಬಾಗಿಲು ತೆರೆಯಲು ಇಳಿದೆ.